ಕಿಕ್ ಒಂದನ್ನು ಬಿಟ್ಟು

ನ್ಯೂರೆಂಬರ್ಗ್, ಜರ್ಮನಿ,
8 ನವೆಂಬರ್ 2025

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ಚಂದ್ರುವಿನ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸರೋಜತ್ತೆಗೂ ಗಿರೀಶನಿಗೂ ನನ್ನ ನೆನಪುಗಳನ್ನು ತಿಳಿಸುವುದು.

ಅಮ್ಮಾ, ನಿನ್ನ ಪತ್ರ ಗುರುವಾರ ಕೈಸೇರಿತು. ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಕುಳಿತಿರುವುದರಿಂದ ಹೇಳಲಾಗದ್ದನ್ನು ಬರೆದು ಕಳಿಸಿದ್ದೀಯೆ ಎಂಬುದು ಮೊದಲ ಪುಟದಲ್ಲೇ ತಿಳಿಯಿತು. ಆದರೂ ನಾನು ಇಬ್ಬರಿಗೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ. ಇದನ್ನು ನೀನು ಅವರ ಮುಂದೆ ಗಟ್ಟಿಯಾಗಿ ಓದಬೇಕು, ಅರ್ಧಕ್ಕೆ ಎದ್ದು ಹೋಗಲು ಬಿಡಬಾರದು.

ಮೊದಲು ನನ್ನ ವಿಷಯವನ್ನು ಮುಗಿಸಿಬಿಡುತ್ತೇನೆ. 1990ರ ಗಾಡಿಯನ್ನು ನಂಬಿ ಬೆಟ್ಟ ಹತ್ತುವುದೇ, ಮೆಕ್ಯಾನಿಕ್‌ಗೆ ಕೊಡದೆ ನೀನೇ ಏಕೆ ಬಿಚ್ಚುತ್ತೀಯೆ ಎಂದು ಕೇಳಿದ್ದೀಯೆ. ನನ್ನ ಬಿಎಂಡಬ್ಲ್ಯು ಆರ್ 100 ಆರ್‌ಟಿ ಬೈಕ್ ದೂರ ಪ್ರಯಾಣಕ್ಕೆಂದೇ ತಯಾರಾದದ್ದು. ಅದರ ಎರಡು ಸಿಲಿಂಡರ್‌ಗಳು ಎಡಕ್ಕೊಂದು ಬಲಕ್ಕೊಂದು ಹೊರಗೆ ಚಾಚಿಕೊಂಡಿರುವುದರಿಂದ ಬಿಚ್ಚುವವನ ಕೈಗೆ ಎಲ್ಲವೂ ಸಲೀಸಾಗಿ ಸಿಗುತ್ತವೆ. ಚೈನಿನ ಬದಲು ಶಾಫ್ಟ್ ಇದೆ; ಗಾಳಿಯೇ ಎಂಜಿನ್ನನ್ನು ತಂಪು ಮಾಡುವುದರಿಂದ ರೇಡಿಯೇಟರಿನ ರಗಳೆಯೂ ಇಲ್ಲ. ಹೊಸ ಗಾಡಿಗಳ ರೋಗವನ್ನು ಕಂಪ್ಯೂಟರ್ ಸಿಕ್ಕಿಸಿ ಕೇಳಬೇಕಾದರೆ, ಇದರದ್ದನ್ನು ಸಂದು ಅಳೆಯುವ ಒಂದು ಫೀಲರ್ ಗೇಜ್ ಮತ್ತು ವಿದ್ಯುತ್ತು ಅಳೆಯುವ ಒಂದು ಮಲ್ಟಿಮೀಟರ್ ಇದ್ದವನು ಮನೆಯಲ್ಲೇ ಕಂಡುಹಿಡಿಯಬಹುದು. ಇನ್ನು ಬೆಟ್ಟದ ಮಾತು. ನನ್ನ ನಂಬರ್ ಪ್ಲೇಟಿನ ಅಂಚಿನಲ್ಲಿ ಮೇಲೆ 03, ಕೆಳಗೆ 10 ಎಂದು ಅಚ್ಚಾಗಿದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಗಾಡಿಯನ್ನು ರಸ್ತೆಗಿಳಿಸಬಹುದು, ತೆರಿಗೆಯೂ ಅಷ್ಟು ತಿಂಗಳಿಗೆ ಮಾತ್ರ ಎಂಬುದು ಅದರ ಅರ್ಥ. ಈಗ ಸುಮ್ಮನೆ ಬೀದಿಬದಿಯಲ್ಲಿ ನಿಲ್ಲಿಸಿದರೂ ದಂಡ ಬೀಳುತ್ತದೆ. ಆದ್ದರಿಂದ ಮಾರ್ಚ್ ತಿಂಗಳವರೆಗೆ ಈ ಬೈಕಿನಿಂದ ನನಗೆ ಅಪಾಯ ಆಗಬೇಕಾದರೆ ಅದು ಗ್ಯಾರೇಜಿನಲ್ಲಿ ನನ್ನ ಮೇಲೆಯೇ ಉರುಳಬೇಕು. ಅದಕ್ಕೂ ಅವಕಾಶ ಕೊಡದೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಸೂರಿನ ತೊಲೆಗೆ ಪಟ್ಟಿಯಿಂದ ಬಿಗಿದಿದ್ದೇನೆ. ಬ್ರೇಕ್ ಆಯಿಲ್ ಬದಲಾಯಿಸಿದ್ದಾಗಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 1423 ಎಂಬ ಅಂಕಿ 2023ರ 14ನೇ ವಾರದಲ್ಲಿ ತಯಾರಾದದ್ದೆಂದು ಹೇಳುತ್ತದೆ, ಅಂದರೆ ರಬ್ಬರ್ ಇನ್ನೂ ಎಳೆಯದು. ಎರಡು ವರ್ಷಕ್ಕೊಮ್ಮೆ ಇಲ್ಲಿ ಕಡ್ಡಾಯ ತಪಾಸಣೆಯೂ ಇದೆ. ದೀಪ ಒಂದು ಬೆರಳು ಕೆಳಗೆ ಬಾಗಿದ್ದರೂ ಬಿಡುವವರಲ್ಲ. ಖರ್ಚಿನ ಬಗ್ಗೆ ಚಿಂತೆ ಬೇಡ, ಮನೆಗೆ ಕಳಿಸುವ ಹಣಕ್ಕೆ ನಾನು ಕೈಹಚ್ಚುವುದಿಲ್ಲ.

ಇಲ್ಲಿನ ಜನರ ನಿಯಮಗಳನ್ನು ಕೇಳಿದರೆ ನಿನಗೆ ನಗು ಬಂದೀತು. ಭಾನುವಾರ ಸುತ್ತಿಗೆಯಿಂದ ಬಡಿಯುವಂತಿಲ್ಲ, ಡ್ರಿಲ್ ಹಾಕುವಂತಿಲ್ಲ. ಸದ್ದಿಲ್ಲದೆ ಸ್ಪ್ಯಾನರ್ ತಿರುಗಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್ ಅನ್ನು ಡಬ್ಬಿಗೆ ತುಂಬಿ, ಹೊಸದನ್ನು ಕೊಂಡ ರಸೀದಿಯೊಂದಿಗೆ ಒಯ್ದರೆ, ಮಾರಿದ ಅಂಗಡಿಯವನೇ ಕೊಂಡಷ್ಟು ಪ್ರಮಾಣವನ್ನು ಪುಕ್ಕಟೆಯಾಗಿ ವಾಪಸು ತೆಗೆದುಕೊಳ್ಳಬೇಕೆಂಬುದು ಇಲ್ಲಿ ಕಾನೂನು. ನಮ್ಮಲ್ಲಿ ಅದನ್ನು ಗೇಟಿನ ಹಿಂಜಿಗೆ ಬಳಿಯುವುದೂ ಉತ್ತಮ ಪದ್ಧತಿಯೇ ಎಂದು ನಾನು ವಾದಿಸಿದೆ, ಯಾರೂ ಒಪ್ಪಲಿಲ್ಲ.

ಈ ಸಲ ಬಿಚ್ಚಿದ್ದು ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಆಗಲು ವಿದ್ಯುತ್ತು ಹುಟ್ಟಿಸುವ ಭಾಗ. ಇದು ಅಪ್ಪನಿಗೆ ಹಿಡಿಸುವ ಸಂಗತಿ. ಕೀಲಿ ತಿರುಗಿಸಿದಾಗ ಚಾರ್ಜಿಂಗಿನ ಕೆಂಪು ದೀಪ ಹೊತ್ತಿಕೊಳ್ಳಬೇಕು, ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ಅಕ್ಟೋಬರ್ ಕೊನೆಯಲ್ಲಿ ಅದು ಹೊತ್ತಿಕೊಳ್ಳುವುದನ್ನೇ ನಿಲ್ಲಿಸಿತು. ಬಲ್ಬ್ ಸರಿಯಾಗಿತ್ತು. ಆ ದೀಪದ ವಿದ್ಯುತ್ತು ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿನ ತಂತಿಸುರುಳಿಯ ಮೂಲಕವೇ ಹರಿಯುವುದರಿಂದ, ಸುರುಳಿ ಎಲ್ಲಾದರೂ ಕಡಿದರೆ ದೀಪವೂ ಸಾಯುತ್ತದೆ. ಮುಂದಿನ ಕವರ್ ತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಲೇಬೇಕು. ಇಲ್ಲವಾದರೆ ಕವರಿನ ಅಂಚು ಒಳಗಿನ ಡಯೋಡ್ ಬೋರ್ಡಿಗೆ ತಗುಲಿ ಕಿಡಿ ಹಾರುತ್ತದೆ, ಬೋರ್ಡ್ ಸುಟ್ಟುಹೋಗುತ್ತದೆ. ಬಿಚ್ಚಿ, ರೋಟರಿನ ಎರಡು ತಾಮ್ರದ ಉಂಗುರಗಳಿಗೆ ಮೀಟರ್ ಇಟ್ಟರೆ ಸುಮಾರು 3.4 ಓಮ್ ತೋರಿಸಬೇಕಿತ್ತು, ಮುಳ್ಳು ಅಲುಗಲೇ ಇಲ್ಲ. ಮೂವತ್ತೈದು ವರ್ಷ ತಿರುಗಿದ ತಂತಿ, ವಯಸ್ಸಾಗಿತ್ತು. ರೋಟರ್ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗು ದಂಡದ) ಇಳಿಜಾರು ತುದಿಗೆ ಕಚ್ಚಿಕೊಂಡಿರುವುದರಿಂದ ಕೈಯಿಂದ ಎಳೆದರೆ ಬರುವುದಿಲ್ಲ. ಅದಕ್ಕೆಂದೇ ಹದ ಮಾಡಿದ ಗಟ್ಟಿ ಬೋಲ್ಟ್ ತೂರಿಸಿ ಬಿಗಿಯುತ್ತಾ ಹೋದಾಗ ಟಕ್ಕೆಂದು ಕಳಚಿತು. ಸಾಮಾನ್ಯ ಬೋಲ್ಟ್ ಹಾಕಿದ್ದರೆ ಅದು ಒಳಗೇ ಬಾಗಿ ಸಿಕ್ಕಿಕೊಳ್ಳುತ್ತಿತ್ತು.

ಆ ಬೋಲ್ಟ್ ಕೊಟ್ಟವರು ಪಕ್ಕದ ಗ್ಯಾರೇಜಿನ ಹಿರಿಯರು. ಪೂರ್ವ ಜರ್ಮನಿಯಲ್ಲಿ ಬೆಳೆದವರು, ಯೌವನದಲ್ಲಿ ಜಾವಾ ಬೈಕ್ ಓಡಿಸಿದವರು. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು, ನಮ್ಮ ತಂದೆ ಅದೇ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದರು ಎಂದಾಗ ಅವರು ಸೌಜನ್ಯಕ್ಕೆ ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಪೋರ್ಟಿಕೋದಲ್ಲಿ ನಿಂತ ನಮ್ಮ ಗಾಡಿಯ ಫೋಟೋ ತೋರಿಸಿದ ಮೇಲೆ, ಆ ಎಂಬತ್ತರ ಮನುಷ್ಯ ಎಡಗಾಲೆತ್ತಿ, ಗೇರಿಗೂ ಕಿಕ್ಕಿಗೂ ಒಂದೇ ಆದ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆತ್ತಿ ಕಿಕ್ ಹೊಡೆಯುವ ಅಭಿನಯವನ್ನು ಗಾಳಿಯಲ್ಲೇ ಮಾಡಿ ತೋರಿಸಿದರು. ನಾನು ನಕ್ಕುಬಿಟ್ಟೆ. ಮರುದಿನವೇ ನಿನ್ನ ಪತ್ರ ಬಂತು, ಅದರಲ್ಲಿ ಅಪ್ಪ ಅದೇ ಕೆಲಸವನ್ನು ಅಭಿನಯವಲ್ಲದೆ ನಿಜವಾಗಿ ಮಾಡುತ್ತಿದ್ದಾರೆ ಎಂದಿತ್ತು.

ಅಪ್ಪಾ, ಇಲ್ಲಿಂದ ಮುಂದಿನದು ನಿಮಗೆ. ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಒಂದು ಮಳೆಗಾಲವೂ ಕಳೆದಿಲ್ಲ. ಉಸಿರು ಬಿಗಿಹಿಡಿದು ಮೈಯ ಭಾರವನ್ನೆಲ್ಲ ಒಂದು ಕಾಲಿಗೆ ಹಾಕುವ ಕೆಲಸ ಬೇಡವೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ; ಕಿಕ್ ಹೊಡೆಯುವುದೆಂದರೆ ಅದೇ ಅಲ್ಲವೇ? ಎರಡನೆಯ ಕಿಕ್ಕಿಗೇ ಹತ್ತುತ್ತದೆ ಎನ್ನುತ್ತೀರಿ. ಅಮ್ಮ ಅಡುಗೆಮನೆಯಿಂದಲೇ ಎಣಿಸುತ್ತಾಳೆಂಬುದು ನಿಮಗೆ ಗೊತ್ತಿಲ್ಲ. ಅದರ ಮೇಲೆ, ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಮಾತ್ರೆ ನುಂಗುತ್ತಿದ್ದೀರಿ. ಕಿಡಿಯ ಟೈಮಿಂಗ್ ಒಂದಿಷ್ಟು ಮುಂದಿದ್ದು ಲಿವರ್ ತಿರುಗಿ ಮೊಣಕಾಲಿಗೆ ಹೊಡೆದರೆ, ಹಿಂದೆಲ್ಲ ಎರಡು ದಿನ ನೋವಾಗಿ ಮರೆತುಹೋಗುತ್ತಿದ್ದ ಪೆಟ್ಟು ಈಗ ಒಳಗೊಳಗೇ ಊದಿಕೊಳ್ಳುತ್ತದೆ. ಸಿಲಿಂಡರಿನ ರೆಕ್ಕೆಗಳಿಗೆ ಕೈ ತರಚಿದರೂ ರಕ್ತ ಬೇಗ ನಿಲ್ಲುವುದಿಲ್ಲ, ಕೈಗವಸು ಹಾಕದೆ ಮುಟ್ಟಬೇಡಿ. ಗಾಯವಾಯಿತೆಂದು ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಕೂಡದು.

ಗಾಡಿಯನ್ನು ಮಾರಿಬಿಡಿ ಎಂದು ಗಿರೀಶ ಹೇಳಿದನಂತೆ. ಅದು ನನ್ನ ಮಾತಲ್ಲ. ಕೂತು ಮಾಡುವ ಕೆಲಸವೆಲ್ಲ ನಿಮ್ಮದೇ, ಕಿಕ್ ಒಂದನ್ನು ಬಿಟ್ಟು. ಗಾಡಿ ಹತ್ತದಿರುವುದಕ್ಕೆ ನಿಮ್ಮ ಕಾಲಿನ ಬಲ ಕುಗ್ಗಿದ್ದು ಕಾರಣವಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇದೆ. ತಿಂಗಳುಗಟ್ಟಲೆ ನಿಂತರೆ ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ನೀವು ಪೆಟ್ರೋಲಿಗೆ ಬೆರೆಸಿದ ಟೂಟಿ (ಟು-ಸ್ಟ್ರೋಕ್) ಆಯಿಲ್ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಅಂಟಾಗಿ ಉಳಿಯುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ, ಬಟ್ಟಲು ಬಿಚ್ಚಿ ತೊಳೆದು, ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಕಿಡಿ ಹುಟ್ಟುವ ಹೊತ್ತನ್ನು ನಿರ್ಧರಿಸುವ ಪಾಯಿಂಟ್. ಅದನ್ನು ಹೊಂದಿಸಲು ಎಂಜಿನ್ ತಿರುಗಿಸಬೇಕಲ್ಲ ಎಂದು ಮತ್ತೆ ಲಿವರಿಗೆ ಕಾಲು ಹಾಕಬೇಡಿ. ನಾನು ಇಲ್ಲಿ ವಾಲ್ವ್ ಹೊಂದಿಸುವಾಗ (ಇನ್‌ಲೆಟ್‌ಗೆ 0.10, ಎಗ್ಜಾಸ್ಟ್‌ಗೆ 0.20 ಮಿಲಿಮೀಟರ್ ಸಂದು) ಪ್ಲಗ್ಗುಗಳನ್ನು ಬಿಚ್ಚಿಟ್ಟು, ಐದನೆಯ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತೇನೆ; ಕಂಪ್ರೆಶನ್ ಇಲ್ಲದ್ದರಿಂದ ಎರಡು ಬೆರಳಿಗೇ ಎಂಜಿನ್ ಸುತ್ತುತ್ತದೆ. ನಿಮ್ಮದನ್ನೂ ನಾಲ್ಕನೆಯ ಗೇರಿಗೆ ಹಾಕಿ ಹಾಗೆಯೇ ತಿರುಗಿಸಿದರೆ, ಮೋಡಾದ ಮೇಲೆ ಕೂತೇ ಪಾಯಿಂಟ್ ಪೂರ್ತಿ ತೆರೆಯುವುದನ್ನು ನೋಡಬಹುದು. ನಯವಾದ ಎಮರಿ ಕಾಗದದಿಂದ ಒರೆಸಿ, 0.4 ಮಿಲಿಮೀಟರಿಗೆ ಹೊಂದಿಸಿ. ಈ ಗೇಜ್ ಹಿಡಿಯುವುದನ್ನು ನನಗೆ ಕಲಿಸಿದವರೇ ನೀವು, ಹೆಚ್ಚು ಬರೆಯುವುದು ಅಧಿಕಪ್ರಸಂಗವಾದೀತು.

ಸೆಂಟರ್ ಸ್ಟ್ಯಾಂಡ್ ಹಾಕುವುದೂ ಇಳಿಸುವುದೂ ಕಿಕ್ ಹೊಡೆಯುವುದೂ ಮಂಜುವಿನ ಪಾಲಿಗಿರಲಿ. ಭಾನುವಾರ ಬೆಳಗ್ಗೆ ಬರುತ್ತಾನೆ, ಅವನಿಗೆ ಹೇಳಿದ್ದೇನೆ. ಆ ಲಿವರ್ ಮಡಚುವ ರೀತಿ ಅವನಿಗೆ ತಿಳಿಯದು, ನೀವು ಕುರ್ಚಿಯಲ್ಲಿ ಕೂತು ಹೇಳಿಕೊಡಿ, ಎದ್ದು ತೋರಿಸಬೇಡಿ. ಇಷ್ಟೆಲ್ಲ ಮಾಡಿದರೂ ಹತ್ತದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳೇ ಹೋಗಿರಬೇಕು. ಆಗ ಎಂಜಿನ್ ಇಳಿಸುವ ಕೆಲಸವನ್ನು ಫೆಬ್ರವರಿಯಲ್ಲಿ ನಾನು ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ. ಅಲ್ಲಿಯವರೆಗೆ ಮಂಜುವಿಗೆ ಆಸೆ ತೋರಿಸಿ ಇಳಿಸಬೇಡಿ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ನನ್ನದಕ್ಕೆ ಗುಂಡಿ ಒತ್ತುವ ಸ್ಟಾರ್ಟರ್ ಇದೆ, ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ಪೆಟ್ರೋಲ್ ಮುಟ್ಟುತ್ತೇನೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿದೆ, ಸ್ವೆಟರೂ ಹಾಕಿಕೊಳ್ಳುತ್ತೇನೆ, ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಅಮ್ಮಾ, ಮುಂದಿನ ರಕ್ತಪರೀಕ್ಷೆಯ ಚೀಟಿಯ ಫೋಟೋ ಕಳಿಸು, ಅಪ್ಪ ಹೇಳಿದ್ದನ್ನಲ್ಲ, ಚೀಟಿಯನ್ನೇ. ಶನಿವಾರ ಇಲ್ಲಿನ ಅಂಚೆ ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಈಗಲೇ ಓಡಬೇಕು. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ,
ಚಂದ್ರು