ಮೃಗಶಿರ ಮಳೆಗೆ ಮುಂಚೆ ನಮಗೊಂದು ಅಟ್ಟ ಬೇಕು

ಆತ್ಮೀಯರೇ,

ಸಾಗರದ ಕಡೆ ಈಗ ಯಾವ ತೋಟಕ್ಕೆ ಕಾಲಿಟ್ಟರೂ ಅಡಿಕೆ ಹಾಳೆ. ಉದುರುವುದು ಬೇಸಿಗೆಯಲ್ಲೇ ಜಾಸ್ತಿ. ಮೃಗಶಿರ ಮಳೆ ಹಿಡಿಯುವ ಮುಂಚೆ ಆರಿಸಿ, ಒಣಗಿಸಿ, ಒಳಗೆ ಸೇರಿಸಿಬಿಡಬೇಕು. ಒಮ್ಮೆ ಬೂಸಲು ಬಂತೋ, ಆ ಹಾಳೆಯ ತಟ್ಟೆಯಲ್ಲಿ ಯಾರೂ ಉಣ್ಣುವುದಿಲ್ಲ.

ಹಾಳೆ ತಟ್ಟೆ ಮಾಡುವ ನಮ್ಮ ಟ್ರಸ್ಟಿಗೆ ಹೋದ ವರ್ಷ ಆಗಿದ್ದು ಅದೇ. ಶೆಡ್ಡಿನ ಮೂಲೆಯಲ್ಲಿ ಟಾರ್ಪಲ್ ಹೊದಿಸಿ ಇಟ್ಟಿದ್ದೆವು. ಅಷ್ಟು ಸಾಕು ಅಂದುಕೊಂಡಿದ್ದು ನಮ್ಮದೇ ದಡ್ಡತನ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಹಾಳೆ ಬಚ್ಚಲ ಒಲೆಗೆ ಹೋಯಿತು. ಅದನ್ನೇ ನಂಬಿದ್ದ ಕೂಲಿಯೂ ಹೋಯಿತು.

ನಮ್ಮ ಟ್ರಸ್ಟಿನ ಶೆಡ್ಡಿನಲ್ಲಿ ಹಾಳೆ ತಟ್ಟೆ ಮಾಡುವವರೆಲ್ಲ ಗಂಡನನ್ನು ಕಳೆದುಕೊಂಡ ಹೆಂಗಸರು. ಕೆಲವರ ಯಜಮಾನರು ಅಡಿಕೆ ಗೊನೆ ಕೊಯ್ಯುವಾಗ, ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರದಿಂದ ಬಿದ್ದವರು. ಮಳೆಯಲ್ಲಿ ಅಡಿಕೆ ಮರ ಎಷ್ಟು ಜಾರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ವಿಧವಾ ವೇತನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. 2023ರಲ್ಲಿ ಗೃಹಲಕ್ಷ್ಮಿಯ 2,000 ಶುರುವಾಯಿತು. ಅದರಿಂದ ಉಪಕಾರ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅತ್ತೆಯ ಮಾತ್ರೆ, ಮಗನ ಕಾಲೇಜು, ಸಂಘದ ಸಾಲದ ಕಂತು ಅಂತ ಎಣಿಸಿದರೆ ತಿಂಗಳ ಅರ್ಧಕ್ಕೇ ಕೈ ಖಾಲಿ.

ಕೆಲಸ ದೊಡ್ಡ ವಿದ್ಯೆಯೇನಲ್ಲ. ಹಾಳೆ ತೊಳೆದು, ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸುವುದು. ಕಷ್ಟ ಕೊಡುವುದು ಕರೆಂಟು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಮೆಷಿನ್ ತಣ್ಣಗೆ ಕೂರುತ್ತದೆ. ಆಗ ಕೈ ಹಿಡಿಯುವುದು ಹಸೆ ಚಿತ್ತಾರ.

ನಮ್ಮ ಕಡೆಯ ದೀವರ ಸಮುದಾಯದ ಮನೆಗಳ ಗೋಡೆಯಲ್ಲಿ ಹೆಂಗಸರೇ ಬರೆದುಕೊಂಡು ಬಂದ ಚಿತ್ತಾರ ಅದು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ನಮ್ಮಲ್ಲಿ ಗೆರೆ ಎಳೆಯುವುದರಲ್ಲಿ ಒಬ್ಬ ಅಜ್ಜಿಯನ್ನು ಮೀರಿಸುವವರಿಲ್ಲ. ಮೊದಲು ಮದುವೆ ಮನೆಗಳಿಂದ ಅವರಿಗೆ ಕರೆ ಬರುತ್ತಿತ್ತಂತೆ. ಗಂಡ ತೀರಿಕೊಂಡ ಮೇಲೆ ಯಾರೂ ಬೇಡ ಅನ್ನಲಿಲ್ಲ, ಸುಮ್ನೆ ಕರೆಯುವುದನ್ನು ಬಿಟ್ಟರು. ಈಗ ಬುಟ್ಟಿಗೆ, ಬಟ್ಟೆಗೆ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಹತ್ತಿರ ಬಂದರೆ, ಗದ್ದೆಗೆ ಎಡೆ ಒಯ್ಯುವ ಚಿತ್ತಾರದ ಭೂಮಣ್ಣಿ ಬುಟ್ಟಿ ಬೇಕೆಂದು ಅವರನ್ನೇ ಹುಡುಕಿಕೊಂಡು ಬರುತ್ತಾರೆ.

ಭಾನುವಾರ ಅಜ್ಜಿಯ ಸುತ್ತ ಮಕ್ಕಳು. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ದೊಡ್ಡಮ್ಮನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುತ್ತಿರುವವರು. ಅವರು ಗೆರೆ ಕಲಿಯುತ್ತಾರೆ, ಅಷ್ಟೇ. ದುಡಿಸುವುದಿಲ್ಲ, ಮೆಷಿನ್ ಹತ್ತಿರ ಬಿಡುವುದೂ ಇಲ್ಲ. ಮಾರಾಟದ ಒಂದು ಪಾಲು ಅವರ ಓದಿಗೆ ಹೋಗುತ್ತದೆ. ಅವರ ಫೋಟೊ ಹಾಕಿ, ದುಡ್ಡು ಜಾಸ್ತಿ ಬರುತ್ತೆ ಅಂತ ಕೆಲವರು ಹೇಳಿದರು. ನಮಗೆ ಮನಸ್ಸಾಗಲಿಲ್ಲ.

ಕೊಳ್ಳುವವರಿಲ್ಲ ಎಂಬ ಚಿಂತೆ ನಮಗಿಲ್ಲ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದ ಹೆಂಗಸರು ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣ ಹಾಕಿದ ಬಟ್ಟೆಯನ್ನು ಬೆಂಗಳೂರಿನವರಿಗೆ ಉಡಿಸಿದ್ದನ್ನು ನೋಡಿದವರು ನಾವು. ನಮ್ಮ ತೊಂದರೆ ಬೇರೆ. ಹಾಳೆ ಕೊಟ್ಟವರಿಗೆ ದುಡ್ಡು ಆಗಲೇ ಕೊಡಬೇಕು. ಅಡುಗೆ ಕಂಟ್ರಾಕ್ಟರ್‌ಗಳು ನಮಗೆ ಕೊಡುವುದು ಮದುವೆ ಮುಗಿದು ಎಷ್ಟೋ ದಿನಕ್ಕೆ.

ಹಾಗಾಗಿ ಕೇಳುತ್ತಿರುವುದು ಎರಡೇ. ಒಂದು, ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಳಗೊಂದು ಅಟ್ಟ ಇರುವ ಕೋಣೆ. ಇನ್ನೊಂದು, ಈ ಬೇಸಿಗೆಯಲ್ಲೇ ಹಾಳೆ ಕೊಂಡಿಡಲು ದುಡ್ಡು. ನೂರು ರೂಪಾಯಿಯಾದರೂ ಸರಿ, ರಸೀದಿ ಕೊಡುತ್ತೇವೆ. ದುಡ್ಡೇ ಆಗಬೇಕೆಂದಿಲ್ಲ. ಕಲ್ಲು, ಶೀಟು, ಮರದ ಹಲಗೆ ಕೊಡಬಹುದು. ತೋಟ ಇರುವವರು ಹಾಳೆ ಕಟ್ಟಿಟ್ಟು ಹೇಳಿಕಳಿಸಿ, ನಾವೇ ಬಂದು ಒಯ್ಯುತ್ತೇವೆ. ಚೆಕ್ ಕೊಡುವವರು ಟ್ರಸ್ಟಿನ ಹೆಸರಿಗೇ ಬರೆಯಿರಿ, ನಮ್ಮಲ್ಲಿ ಯಾರ ಹೆಸರಿಗೂ ಬೇಡ. ಬಂದಿದ್ದು, ಖರ್ಚಾಗಿದ್ದು ಎರಡನ್ನೂ ಶೆಡ್ಡಿನ ಬೋರ್ಡಿನಲ್ಲಿ ಬರೆದು ಹಾಕುತ್ತೇವೆ.

ನೋಡಲು ಬರುವುದಾದರೆ ಮಧ್ಯಾಹ್ನದ ಹೊತ್ತಿಗೆ ಬನ್ನಿ. ಅನ್ನ, ತಂಬುಳಿ, ಉಪ್ಪಿನಕಾಯಿ ಇರುತ್ತದೆ. ಬಡಿಸುವುದು ನಮ್ಮದೇ ತಟ್ಟೆಯಲ್ಲಿ.