ಶಾಸಕರೇ, ಕಾಳು ಮಾರಿಹೋದ ಮೇಲೆ ಖರೀದಿ ಕೇಂದ್ರ ಯಾರಿಗೆ?

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಬೆಳಗಾವಿ ಜಿಲ್ಲೆಯ ಮಲಪ್ರಭಾ ಭಾಗದ ರೈತ. ನಾಲ್ಕು ಎಕರೆ ಗೋವಿನಜೋಳ ಹಾಕುತ್ತೇನೆ. ನಿಮ್ಮ ಕಡತದಲ್ಲಿ ಅದಕ್ಕೆ ಮೆಕ್ಕೆಜೋಳ ಅಂತಾರೆ, ಇರಲಿ. ಮೂರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಕೇಳುವುದು ಒಂದೇ: ನಮ್ಮ ಕಣದಲ್ಲಿ ಕಾಳು ಇರುವಾಗ, ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ಖರೀದಿ ಕೇಂದ್ರ ತೆರೆಯಿರಿ.

2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕಾಳಿನ ಹಸಿ, ಅಂದರೆ ತೇವಾಂಶ, ನೂರಕ್ಕೆ 14 ದಾಟಬಾರದು. ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಬೆಲೆ ಘೋಷಣೆಯಾಗಿದ್ದು ಮೇ ತಿಂಗಳಲ್ಲಿ, ನಾವಿನ್ನೂ ಬೀಜವೇ ತಂದಿರಲಿಲ್ಲ. ಜೂನ್‌ನಲ್ಲಿ ಬಿತ್ತಿದ್ದು ನಾಲ್ಕು ತಿಂಗಳಿಗೆ ಕೈಗೆ ಬರುತ್ತದೆ ಅನ್ನುವುದು ಶಾಲೆ ಮೆಟ್ಟಿಲು ಹತ್ತದ ನಮ್ಮವ್ವನಿಗೂ ಗೊತ್ತು. ಕೇಂದ್ರ ತೆರೆಯಲು ಮಾತ್ರ ಯಾವ ಮುಹೂರ್ತ ಕಾಯ್ತೀರೋ!

ಈ ಸಲದ ಕಥೆ ಕೇಳಿ. ಸುಳಿಗೆ ಬಿದ್ದ ಸೈನಿಕ ಹುಳಕ್ಕೆ ಎರಡು ಸಲ ಔಷಧಿ ಹೊಡೆದೆ. ಉಳಿದ ತೆನೆ ಮುರಿದು, ಮಷಿನ್‌ಗೆ ಹಾಕಿ, ರಾಶಿ ಮಾಡಿದೆ. ಒಣಗಿಸಲು ಜಾಗ ಎಲ್ಲಿದೆ? ಊರ ಹೊರಗಿನ ಡಾಂಬರು ರಸ್ತೆಯೇ ನಮ್ಮ ಕಣ. ಅರ್ಧ ರಸ್ತೆ ಜೋಳ, ಅರ್ಧ ರಸ್ತೆ ಬೈಕು, ಬೈಯುವವರಿಗೆ ಲೆಕ್ಕವಿಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಮಳೆ ಬಂತು. ನಾನು, ಹೆಂಡತಿ, ಮಗ ಮೂವರೂ ಬರಿಗೈಯಲ್ಲಿ ಕಾಳು ಬಳಿದು ಗುಡ್ಡೆ ಹಾಕಿದೆವು. ಬಾಡಿಗೆಗೆ ತಂದ ತಾಡಪತ್ರಿಯ ಒಂದು ಮೂಲೆ ಹರಿದಿತ್ತು. ಬೆಳಿಗ್ಗೆ ಆ ಮೂಲೆಯ ಕಾಳಿಗೆ ಕೈ ಹಾಕಿದರೆ ಬಿಸಿ ಬಿಸಿ. ನಾಲ್ಕು ದಿನಕ್ಕೆ ಬೂಸ್ಟು. ಮೂರು ಕ್ವಿಂಟಲ್ ತಿಪ್ಪೆ ಸೇರಿತು.

ಉಳಿದ 60 ಕ್ವಿಂಟಲ್ ಒಣಗಿಸಿ ಅಡತಿ ಅಂಗಡಿಗೆ, ಅಂದರೆ ದಲ್ಲಾಳಿ ಅಂಗಡಿಗೆ, ಒಯ್ದೆ. ಹಿಡಿ ಕಾಳು ಹಸಿ ಅಳೆಯುವ ಮೀಟರಿಗೆ ಹಾಕಿದರು, 18 ತೋರಿಸಿತು. ಮಗ "ಇನ್ನೊಮ್ಮೆ ನೋಡ್ರಿ" ಅಂದ. ಅದೇ ಕಾಳು, ಅದೇ ಮೀಟರ್, ಈಗ 16! ಮೂರನೇ ಸಲ ಕೇಳಿದ್ದಕ್ಕೆ ಡಬ್ಬಿ ಮುಚ್ಚಿ, "ಬೇಕಾದ್ರ ಹಾಕ್ರಿ, ಇಲ್ಲಾಂದ್ರ ಟ್ರ್ಯಾಕ್ಟರ್ ತಿರುಗಿಸ್ರಿ" ಅಂದರು. ಕ್ವಿಂಟಲ್‌ಗೆ 1,650ಕ್ಕೆ ಹಾಕಿ ಬಂದೆ.

ಲೆಕ್ಕ ಮಾಡೋಣ ಅಲ್ವಾ? ಹಸಿ 18 ಇದ್ದ ಒಂದು ಕ್ವಿಂಟಲ್ 14ಕ್ಕೆ ಒಣಗಿದರೆ ತೂಕ ಇಳಿಯುವುದು 5 ಕಿಲೋ ಒಳಗೇ. ಬೆಂಬಲ ಬೆಲೆಯಲ್ಲಿ ಅದು 120 ರೂಪಾಯಿ ಕೂಡ ಆಗಲ್ಲ. ನನಗೆ ಹೋಗಿದ್ದು ಕ್ವಿಂಟಲ್‌ಗೆ 750. ಒಟ್ಟು 45,000 ರೂಪಾಯಿ. ಹಸಿ ಅನ್ನುವುದು ಸುಮ್ನೆ ನೆಪ.

"ಸ್ವಲ್ಪ ದಿನ ಇಟ್ಟುಕೊಳ್ಳಬಾರದಿತ್ತಾ" ಅಂತ ನಿಮ್ಮ ಆಪ್ತರೊಬ್ಬರು ಫೋನಿನಲ್ಲಿ ಹೇಳಿದರು. ಎಲ್ಲಿ ಇಡಲಿ ಸಾಹೇಬ್ರೆ, ಹಾಸಿಗೆ ಮೇಲಾ? ನೆಲದಲ್ಲಿ ಹಸಿ ಇರುವಾಗಲೇ ಹಿಂಗಾರಿಗೆ ಕಡಲೆ ಬಿತ್ತಬೇಕು, ಬೀಜ ಗೊಬ್ಬರಕ್ಕೆ ದುಡ್ಡು ಬೇಕು, ಸೊಸೈಟಿ ಸಾಲದ ಕಂತು ಬೇರೆ. ದೀಪಾವಳಿ ಮುಗಿಯುವುದರೊಳಗೆ ಸಣ್ಣ ರೈತನ ಜೋಳ ಮನೆ ಬಿಟ್ಟಿರುತ್ತದೆ. ಆಮೇಲೆ ಡಿಸೆಂಬರ್‌ನಲ್ಲಿ ಸುವರ್ಣ ಸೌಧದಲ್ಲಿ ಅಧಿವೇಶನ, ನಮ್ಮ ಬಗ್ಗೆ ಚರ್ಚೆ, ಚಹಾ. ಕೇಂದ್ರ ಯಾವಾಗಲೋ ತೆರೆದರೆ ಅಲ್ಲಿ ಚೀಲ ಇಳಿಸುವವರು ರೈತರೋ, ವ್ಯಾಪಾರಿಗಳೋ ಅಂತ ಒಮ್ಮೆ ನಿಂತು ನೋಡಿ.

ಗೋವಿನಜೋಳ ಬೇಡವಾದ ಮಾಲೇನೂ ಅಲ್ಲ. ಕೋಳಿಗೆ ಅದೇ, ದನದ ಹಿಂಡಿಗೆ ಅದೇ, ಎಥೆನಾಲ್‌ಗೂ ಅದೇ. ಕಾಳು ನೆನೆಸಿ ಅರೆದು ತೆಗೆದ ಸ್ಟಾರ್ಚ್ ಬಟ್ಟೆಗೆ, ಕಾಗದಕ್ಕೆ, ನೀವು ನುಂಗುವ ಗುಳಿಗೆಗೂ ಹೋಗುತ್ತದೆ. ಬೆಳೆದವನಿಗೆ ಮಾತ್ರ ಬೆಲೆ ಇಲ್ಲ.

ಹಾಗಾಗಿ ಮತ್ತೊಮ್ಮೆ ಕೇಳುತ್ತೇನೆ. ಮುಂದಿನ ಶೀಗಿ ಹುಣ್ಣಿಮೆ, ಅಂದರೆ ದೀಪಾವಳಿಗೆ ಮುಂಚಿನ ಹುಣ್ಣಿಮೆ, ಹೊತ್ತಿಗೆ ಕೇಂದ್ರ ತೆರೆಯಿರಿ. ಅಲ್ಲಿ ಸರ್ಕಾರದ ಸೀಲ್ ಇರುವ ಒಂದು ಹಸಿ ಮೀಟರ್ ಇಡಿಸಿ. ಊರಿಗೊಂದು ಸಿಮೆಂಟ್ ಕಣ ಆದರೆ ಇನ್ನೂ ಒಳ್ಳೆಯದು, ಆದರೆ ಮೊದಲು ಕೇಂದ್ರ. ಶೀಗಿ ಹುಣ್ಣಿಮೆ ಹೊತ್ತಿಗೆ. ಡಿಸೆಂಬರ್‌ಗಲ್ಲ.

ನಂಬಿಕೆ ಬರದಿದ್ದರೆ ಸುಗ್ಗಿಯಲ್ಲಿ ನನ್ನ ಜೊತೆ ಟ್ರ್ಯಾಕ್ಟರ್ ಹತ್ತಿ ಅಡತಿ ಅಂಗಡಿಗೆ ಬನ್ನಿ. ಬಿಳಿ ಅಂಗಿ ಬೇಡ, ಗುರುತು ಹಿಡಿದರೆ ಮೀಟರ್ ಸರಿಯಾಗಿಬಿಡುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಗೋವಿನಜೋಳ ಬೆಳೆಗಾರ