ಕಂಡಕ್ಟರ್ ತಮ್ಮನಿಗೆ, ನಿಮಗೆಲ್ಲರಿಗೂ

ನಿನ್ನೆ ಸಂಜೆ ನಮ್ಮ ಯಜಮಾನರು ಅಪ್ಪನ ಕೆರೆ ದಂಡೆಯಲ್ಲಿ ಅರ್ಧ ಗಂಟೆ ನಡೆದರು. ನಡುವೆ ಎಲ್ಲೂ ಕೂರಲಿಲ್ಲ. ಮನೆಗೆ ಬಂದು ಅರ್ಧ ರೊಟ್ಟಿ ಜಾಸ್ತಿ ಕೇಳಿದರು. ಹಾರ್ಟ್ ಅಟ್ಯಾಕ್ ಆಗಿ, ಹೃದಯದ ಆಪರೇಶನ್ ಆಗಿ ಇವತ್ತಿಗೆ 3 ತಿಂಗಳು.

ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ರಕ್ತ ಕೊಟ್ಟ ಡಿಪೋದ ಹುಡುಗರು, ದಿನಾ ಬುತ್ತಿ ಕಳಿಸಿದ ಓಣಿಯ ಅಕ್ಕಂದಿರು, ಬಂದೇ ನವಾಜ್ ದರ್ಗಾದಲ್ಲಿ ದುವಾ ಮಾಡಿದ ಪಕ್ಕದ ಮನೆ ಚಾಚಾ, ಮಕ್ಕಳನ್ನು ನೋಡಿಕೊಂಡ ನಮ್ಮವ್ವ, ಡಾಕ್ಟರು, ಸಿಸ್ಟರ್‌ಗಳು, ಎಲ್ಲರಿಗೂ ಕೈಮುಗಿಯುತ್ತೇನೆ.

ಒಬ್ಬನ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ನಮ್ಮ ಯಜಮಾನರು ಓಡಿಸುವ ಬಸ್ಸಿನ ಕಂಡಕ್ಟರ್ ತಮ್ಮ. ಆಳಂದ ರೂಟಿನಲ್ಲಿ ಇಬ್ಬರದೂ 6 ವರ್ಷದ ಜೋಡಿ.

ಅಟ್ಯಾಕ್ ಆದ 4ನೇ ದಿನ, ರಾತ್ರಿ 11ಕ್ಕೆ ಡಾಕ್ಟರು ಒಳಗೆ ಕರೆದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ತೂತಾಗಿದೆ, ತೇಪೆ ಇಟ್ಟು ಹೊಲಿಯಬೇಕು ಅಂದರು. ಸತ್ತ ಸ್ನಾಯು ಮೆತ್ತಗಿರುತ್ತೆ, ಹೊಲಿಗೆ ಹಿಡಿಯೋದು ಕಷ್ಟ. ಕೆಲವು ದಿನ ಕಾದರೆ ಗಟ್ಟಿಯಾಗುತ್ತೆ, ಆದರೆ ಇವರಿಗೆ ಅಷ್ಟು ಟೈಮಿಲ್ಲ ಅಂದರು. ಸಹಿ ಹಾಕೋ ಕಾಗದ ಕೈಗೆ ಬಂತು. ನನಗೆ ಅಕ್ಷರಗಳೇ ಕಾಣಲಿಲ್ಲ.

ತಮ್ಮ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದ. ಕಾಗದ ತಗೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಸಾಲು ನಿಧಾನಕ್ಕೆ ಓದಿ ಹೇಳಿದ. ಆಮೇಲೆ ಜೇಬಿನ ಪೆನ್ನು ತೆಗೆದು ಕೊಟ್ಟ.

ಬೆಂಚಿನ ಮೇಲೆ ಕೂತಾಗ ನನ್ನ ಬಾಯಿಂದ ಬಂದುಬಿಟ್ಟಿತು. ಮೊದಲ ರಾತ್ರಿ ಎದೆ ಉರಿ ಅಂದಾಗ ಅಜವಾನದ ನೀರು ಕುಡಿಸಿ ಮಲಗಿಸಿದ್ದು ನಾನೇ. ಆಗಲೇ ಕರೆದುಕೊಂಡು ಬಂದಿದ್ದರೆ ಆ ಗೋಡೆ ಉಳಿಯುತ್ತಿತ್ತೇನೋ. ಅತ್ತೆಗೂ ಅದನ್ನು ಹೇಳಿರಲಿಲ್ಲ. ತುಂಬಾ ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹೇಳಿದ: "ವೈನಿ, ಅವತ್ತ ಮಧ್ಯಾಹ್ನ ಬಸ್ಸಿನ್ಯಾಗ ಅಣ್ಣ ಎದಿ ತಿಕ್ಕೊಳ್ಳಾಕತ್ತಿದ್ರು. ನಾನೂ ನೋಡಿದ್ದೆ. ನಾನೂ ಸುಮ್ನೆ ಇದ್ದೆ."

ಮತ್ತೆ ಇಬ್ಬರೂ ಮಾತಾಡಲಿಲ್ಲ. ಬೆಳಗ್ಗೆ ಆರೂವರೆಗೆ ಬಾಗಿಲು ತೆರೆಯುವವರೆಗೂ ಅವನು ಎದ್ದು ಹೋಗಲಿಲ್ಲ.

ಇದನ್ನೆಲ್ಲ ಬರೆಯಲಾ ಅಂತ ನಿನ್ನೆ ಫೋನ್ ಮಾಡಿ ಕೇಳಿದೆ. "ಬರೀರಿ ವೈನಿ. ಮಂದಿ ಗ್ಯಾಸ್ ಅಂತ ಮನ್ಯಾಗ ಕುಂದ್ರೂದರ ಬಿಡ್ಲಿ" ಅಂದ.

ಅವನಿಗೆ ಶೇಂಗಾ ಹೋಳಿಗೆ ಅಂದರೆ ಪ್ರಾಣ. ಈ ಭಾನುವಾರ ಊಟಕ್ಕೆ ಕರೆದಿದ್ದೇವೆ.